ಕೆಸರು ನೀರಿನಿಂದ ತೈಲ ಕಂಡ ಕ್ಯಾಪ್ಟನ್ ಲೂಕಾಸ್

ಟೆಕ್ಸಾಸ್‌ನ ತೈಲಯುಗಕ್ಕೆ ನಾಂದಿ ಹಾಡಿದ ಆಂಟನಿ ಲೂಕಾಸ್ ಹುಟ್ಟಿನಿಂದ ಅಮೆರಿಕನ್ನರಲ್ಲ. ಇಂದಿನ ಕ್ರೊಯೇಷಿಯಾದ ಡಾಲ್ಮೇಷಿಯಾ ಪ್ರಾಂತ್ಯದ ಮೂಲದವರಾದ ಅವರು ಜನಿಸಿದ್ದು 1855ರಲ್ಲಿ. ಮೂಲ ಹೆಸರು ಆಂಟುನ್ ಲುಚಿಚ್. ಗ್ರಾಟ್ಸ್‌ನಲ್ಲಿ ಎಂಜಿನಿಯರಿಂಗ್ ಕಲಿತು, ಆಸ್ಟ್ರಿಯಾ-ಹಂಗೆರಿ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ, 1879ರಲ್ಲಿ ಅಮೆರಿಕಕ್ಕೆ ತೆರಳಿ ಅಲ್ಲಿಯೇ ನೆಲೆನಿಂತರು. ಲೂಯಿಸಿಯಾನದ ಉಪ್ಪಿನ ಗಣಿಗಳಲ್ಲಿ ದುಡಿಯುತ್ತ, ಉಪ್ಪಿನ ದಿಬ್ಬಗಳ ಮಗ್ಗುಲಲ್ಲಿ ತೈಲ ಅಡಗಿರಬಹುದೆಂದು ಮನಗಂಡರು.

ಬೋಮಾಂಟ್ ಪಟ್ಟಣದ ಸಮೀಪದ ಸ್ಪಿಂಡಲ್‌ಟಾಪ್ ಎಂಬ ತಗ್ಗು ದಿಬ್ಬದಲ್ಲಿ ತೈಲವಿದೆ ಎಂದು ಪಟಿಲೊ ಹಿಗಿನ್ಸ್ ಎಂಬ ಸ್ಥಳೀಯ ಉದ್ಯಮಿ ವರ್ಷಗಳಿಂದ ಹಟ ಹಿಡಿದಿದ್ದರು. 1899ರಲ್ಲಿ ಲೂಕಾಸ್ ಅವರೊಡನೆ ಕೈಜೋಡಿಸಿದರು. ಮೊದಲ ಬಾವಿ 575 ಅಡಿಗೆ ಕೈಕೊಟ್ಟಿತು; ಹಣವೂ ಕರಗಿತು. ಪಿಟ್ಸ್‌ಬರ್ಗ್‌ನ ಗಫಿ ಮತ್ತು ಗೇಲಿ ಬಂಡವಾಳ ಹೂಡಲು ಒಪ್ಪಿದರಾದರೂ ಲೂಕಾಸ್‌ಗೆ ಉಳಿದದ್ದು ಎಂಟನೇ ಒಂದು ಪಾಲು ಮಾತ್ರ. ಈ ಒಪ್ಪಂದದಿಂದ ಹೊರಗುಳಿದ ಹಿಗಿನ್ಸ್ ಬಳಿಕ ನ್ಯಾಯಾಲಯದ ಮೆಟ್ಟಿಲೇರಿದರು. ಅವರ ದೂರಿನಲ್ಲಿ ಹುರುಳಿತ್ತು ಎನ್ನಲೇಬೇಕು.

1900ರ ಅಕ್ಟೋಬರ್‌ನಲ್ಲಿ ಹ್ಯಾಮಿಲ್ ಸಹೋದರರು ಕೊರೆಯುವ ಕೆಲಸ ಆರಂಭಿಸಿದರು. ಇಂದು ನಮ್ಮಲ್ಲಿ ಕೊಳವೆಬಾವಿ ಲಾರಿಗಳು ಕಲ್ಲುಪುಡಿಯನ್ನು ಒತ್ತಡದ ಗಾಳಿಯಿಂದ ಹೊರದೂಡುತ್ತವೆ. ಹ್ಯಾಮಿಲ್‌ಗಳು ಬಳಸಿದ್ದು ನೀರು. ತಿರುಗುವ ಕೊಳವೆಯೊಳಗಿಂದ ಕೆಳಗಿಳಿದ ನೀರು, ಉಳಿಯ ಬಾಯಿಂದ ಚಿಮ್ಮಿ, ಕೊಳವೆಗೂ ಬಾವಿಯ ಗೋಡೆಗೂ ನಡುವಣ ಸಂದಿಯಲ್ಲಿ ಚೂರುಗಳನ್ನು ಹೊತ್ತು ಮೇಲೇರಬೇಕು. ಆದರೆ ಸಡಿಲ ಮರಳಿನ ಪದರದಲ್ಲಿ ಗೋಡೆ ಕುಸಿಯತೊಡಗಿತು. ನೀರು ಮರಳಿನೊಳಗೆ ಇಂಗಿಹೋಯಿತು. ಆಗ ಹೊಂಡವೊಂದಕ್ಕೆ ದನಗಳನ್ನು ಇಳಿಸಿ ತುಳಿಸಿ, ಆ ಕೆಸರನ್ನೇ ಬಾವಿಗೆ ಪಂಪ್ ಮಾಡಿದರೆಂಬುದು ಜನಜನಿತ ಕಥೆ. ಎಮ್ಮೆ ಹೊಕ್ಕ ಕೆರೆಯಂತಾದ ಆ ನೀರು ಗೋಡೆಗೆ ಲೇಪವಾಗಿ ಮರಳನ್ನು ಹಿಡಿದು ನಿಲ್ಲಿಸಿತು. ತಿಳಿನೀರಿಗಿಂತ ಮಂದವಾದ್ದರಿಂದ ಚೂರುಗಳೂ ಅದರಲ್ಲಿ ಬೇಗ ತಳಕ್ಕಿಳಿಯವು. ಪಂಪ್ ನಿಂತಾಗ ಒಳ್ಳೆಯ ಕೆಸರು ಮೊಸರಿನಂತೆ ಹೆಪ್ಪುಗಟ್ಟಿ ಅವನ್ನು ನಡುದಾರಿಯಲ್ಲೇ ತಡೆದಿಡುತ್ತದೆ. ಅದರ ಭಾರ ತಳದ ಅನಿಲವನ್ನೂ ಅದುಮಿಡುತ್ತದೆ.

ಆ ಭಾರ ಒಂದು ದಿನ ಸಾಲದಾಯಿತು. 1901ರ ಜನವರಿ 10ರಂದು ಉಳಿ ಬದಲಿಸಿ ಕೊಳವೆ ಇಳಿಸುತ್ತಿದ್ದಾಗ ಕೆಸರು ಕುದಿದಂತೆ ಉಕ್ಕಿ, ಟನ್‌ಗಟ್ಟಲೆ ಕೊಳವೆ ಆಕಾಶಕ್ಕೆ ಹಾರಿತು. ಹಿಂದೆಯೇ ನೂರೈವತ್ತು ಅಡಿಗೂ ಎತ್ತರಕ್ಕೆ ತೈಲ ಚಿಮ್ಮಿತು. ಪಟ್ಟಣದಲ್ಲಿದ್ದ ಲೂಕಾಸ್ ಸುದ್ದಿ ತಿಳಿದು ಧಾವಿಸಿದರು. ದಿನಕ್ಕೆ ಸುಮಾರು ಒಂದು ಲಕ್ಷ ಬ್ಯಾರೆಲ್ ಎಂದು ಅಂದಾಜಿಸಲಾದ ಆ ಬುಗ್ಗೆಗೆ ಬಿರಡೆ ಹಾಕಲು ಒಂಬತ್ತು ದಿನ ಹಿಡಿಯಿತು. ಕೆಸರಿಗೆ ಬೇರೈಟ್ ಬೆರೆಸಿ ತೂಕ ಹೆಚ್ಚಿಸುವ ಪದ್ಧತಿ ರೂಢಿಗೆ ಬಂದದ್ದು 1920ರ ದಶಕದಲ್ಲಿ.

ಲೂಕಾಸ್ ತಮ್ಮ ಪಾಲನ್ನು ಬೇಗನೆ ಮಾರಿ, ಸಲಹೆಗಾರ ಎಂಜಿನಿಯರ್ ಆಗಿ ದುಡಿದು, 1921ರಲ್ಲಿ ವಾಷಿಂಗ್ಟನ್‌ನಲ್ಲಿ ನಿಧನರಾದರು. ಅಮೆರಿಕದ ಗಣಿ ಎಂಜಿನಿಯರುಗಳ ಸಂಸ್ಥೆ 1936ರಲ್ಲಿ ಅವರ ಹೆಸರಿನ ಚಿನ್ನದ ಪದಕವನ್ನು ಸ್ಥಾಪಿಸಿತು.