ಇದ್ದಿಲಿನ ಗುಣ ಕಂಡ ಲೋವಿಟ್ಸ್

ನಮ್ಮ ಮನೆ ಹೊನ್ನೆಮರಡಿನಲ್ಲಿ. ಎದುರಿಗೆ ಲಿಂಗನಮಕ್ಕಿ ಹಿನ್ನೀರು ಕಣ್ಣು ಹಾಯಿಸಿದಷ್ಟೂ ಇದೆ, ಆದರೆ ನಾವು ಕುಡಿಯುವುದು ಬಾವಿ ನೀರು. ಹೋದ ವರ್ಷ ಸುಲಿದ ಅಡಿಕೆ ಸಿಪ್ಪೆಯನ್ನು ಬಾವಿಯ ಮೇಲ್ಗಡೆ ರಾಶಿ ಹಾಕಿದ್ದೆವು. ಮಳೆಗಾಲದಲ್ಲಿ ಅದು ಕೊಳೆತು ನೀರು ಚಹಾದ ಬಣ್ಣಕ್ಕೆ ತಿರುಗಿತು. ನಾನಿ ಮಡಕೆಗೆ ಮರಳು, ಇದ್ದಿಲು ತುಂಬಿ ನೀರು ಸೋಸಿದರು. ಬಣ್ಣ ಇಳಿಯಿತು. ಇಷ್ಟು ಕಪ್ಪಾದ ಇದ್ದಿಲು ನೀರನ್ನು ತಿಳಿ ಮಾಡುವುದು ಹೇಗೆ? ನಾನು ಕಾಮರ್ಸ್‌ನವನು. ಸೈನ್ಸ್ ಓದುವ ಗೆಳೆಯನನ್ನು ಕೇಳಿದೆ. ಅವನಿಂದ ತೋಬಿಯಾಸ್ ಲೋವಿಟ್ಸ್ ಎಂಬ ರಸಾಯನ ವಿಜ್ಞಾನಿಯ ಹೆಸರು ಸಿಕ್ಕಿತು.

ಲೋವಿಟ್ಸ್ ಹುಟ್ಟಿದ್ದು 1757ರಲ್ಲಿ, ಜರ್ಮನಿಯ ಗಾಟಿಂಗನ್ ಊರಿನಲ್ಲಿ. ತಂದೆ ಖಗೋಳ ವಿಜ್ಞಾನಿ. ಅವರ ಜೊತೆ ಚಿಕ್ಕಂದಿನಲ್ಲೇ ರಷ್ಯಾಕ್ಕೆ ಹೋದರು. 1774ರಲ್ಲಿ ಪುಗಚೋವ್‌ನ ದಂಗೆಕೋರರು ತಂದೆಯನ್ನು ಕೊಂದುಬಿಟ್ಟರು. ಆಗ ಲೋವಿಟ್ಸ್‌ಗೆ ಹದಿನೇಳು, ನನ್ನದೇ ವಯಸ್ಸು. ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆಮೇಲೆ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಚಕ್ರವರ್ತಿಗಳ ಔಷಧಾಲಯ ಸೇರಿ ಕೆಲಸ ಕಲಿತರು. 1785ರಲ್ಲಿ ಟಾರ್ಟಾರಿಕ್ ಆಮ್ಲದ ಹರಳು ಮಾಡುವಾಗ ದ್ರಾವಣ ಕಂದು ಬಣ್ಣಕ್ಕೆ ತಿರುಗಿ ಕಾಟ ಕೊಡುತ್ತಿತ್ತು. ಇದ್ದಿಲ ಪುಡಿ ಬೆರೆತಾಗ ಬಣ್ಣ ಹೋಯಿತು. ಅವರು ಅಲ್ಲಿಗೇ ಬಿಡಲಿಲ್ಲ. ಜೇನು, ವಾಸನೆ ಹೊಡೆಯುವ ನೀರು, ಹೀಗೆ ಸಿಕ್ಕಿದ್ದಕ್ಕೆಲ್ಲ ಇದ್ದಿಲು ಹಾಕಿ ನೋಡಿದರು. ತಿಂಗಳುಗಟ್ಟಲೆ ಸಮುದ್ರದಲ್ಲಿರುವ ಹಡಗಿನವರ ಕುಡಿಯುವ ನೀರಿಗೂ ಇದನ್ನೇ ಸೂಚಿಸಿದರು.

ಇದ್ದಿಲು ಬಣ್ಣವನ್ನು ಕುಡಿದುಬಿಡುವುದಿಲ್ಲವಂತೆ. ಬಣ್ಣದ, ವಾಸನೆಯ ಕಣಗಳು ಅದರ ಸಣ್ಣ ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಕಾರ್ಖಾನೆಯಲ್ಲಿ ಹದ ಮಾಡಿದ ಒಂದು ಗ್ರಾಂ ಇದ್ದಿಲಿನ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸಾಮಾನ್ಯವಾಗಿ 500 ಚದರ ಮೀಟರಿಗೂ ಹೆಚ್ಚು, ಅಂದರೆ ಸುಮಾರು 5 ಗುಂಟೆ. ನಮ್ಮ ಹಿತ್ತಿಲೇ ಅಷ್ಟಿಲ್ಲ! ಈಗ ಇಂಥ ಇದ್ದಿಲನ್ನು ತೆಂಗಿನ ಚಿಪ್ಪಿನಿಂದ ಮಾಡಿ ಮಾರುತ್ತಾರೆ. ಅಡಿಕೆ ಸಿಪ್ಪೆಯಿಂದಲೂ ಪ್ರಯೋಗಗಳು ನಡೆದಿವೆ. ನಮ್ಮ ಬಾವಿ ಕೆಡಿಸಿದ್ದು ಅದೇ ಸಿಪ್ಪೆ, ಮನೆಯ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ.

ಲೋವಿಟ್ಸ್ 1793ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. ಮನೆಯಲ್ಲಿ ಮಾತ್ರ ಸುಖ ಕಾಣಲಿಲ್ಲ. ಮಕ್ಕಳನ್ನು, ಹೆಂಡತಿಯನ್ನು ಕಳೆದುಕೊಂಡರು. ಆದರೂ ಪ್ರಯೋಗ ನಿಲ್ಲಿಸಲಿಲ್ಲ. 1804ರಲ್ಲಿ, 47ನೇ ವಯಸ್ಸಿನಲ್ಲಿ ತೀರಿಕೊಂಡರು.

ಇದ್ದಿಲಿನಿಂದ ರೋಗಾಣು ಸಾಯುವುದಿಲ್ಲ ಎಂದು ಗೆಳೆಯ ಹೇಳಿದ್ದರಿಂದ ಅಮ್ಮಿ ಈಗ ಸೋಸಿದ ನೀರನ್ನು ಕುದಿಸಿಯೇ ಕೊಡುತ್ತಾರೆ. ಅಬ್ಬಾ ಈ ಸಲ ಸಿಪ್ಪೆಯ ರಾಶಿಯನ್ನು ಬಾವಿಯಿಂದ ದೂರ, ಇಳಿಜಾರಿನ ಕೆಳಗೆ ಹಾಕಿಸಿದ್ದಾರೆ.