ಎರಡು ಪೈಗಳ ಲೆಕ್ಕ



ಕಳೆದ ವರ್ಷ ನಮ್ಮ ಎನ್ನೆಸ್ಸೆಸ್ ಘಟಕಕ್ಕೆ ಹಳೆ ವಿದ್ಯಾರ್ಥಿಗಳು 5,000 ರೂಪಾಯಿ ಕೊಟ್ಟಿದ್ದರು. ಶಿಬಿರ ನಡೆದ ಹಳ್ಳಿಯ ಶಾಲೆಯಲ್ಲಿ ಪುಟ್ಟ ವಾಚನಾಲಯ ಮಾಡಬೇಕಿತ್ತು. ಲೆಕ್ಕ ಬರೆಯುವ ಹೊಣೆ ನನ್ನದು. ಇಷ್ಟು ಹಣದಲ್ಲಿ ಏನಾದೀತು ಎಂಬ ಉದಾಸೀನ ನನಗೆ. ಆ ಊರಿನವರೂ ಕೈಲಾದಷ್ಟು ಕೊಟ್ಟರು. ಬೀಡಿ ಕಟ್ಟುವ ಅಜ್ಜಿಯೊಬ್ಬರು ಕೊಟ್ಟ 10 ರೂಪಾಯಿಗೆ ಹೆಸರೇಕೆಂದು ಅದನ್ನು ‘ಇತರೆ’ ಎಂಬ ಸಾಲಿಗೆ ಸೇರಿಸಿಬಿಟ್ಟೆ. ಅದೇ ತಿಂಗಳು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆಯನ್ನು ನೋಡುವ ಅವಕಾಶ ಸಿಕ್ಕಿತು. ಈಗ ಅದೊಂದು ನಾಣ್ಯ ಸಂಗ್ರಹಾಲಯ. ಅವರ ಜೀವನವನ್ನು ನಿಮಗೂ ಹೇಳಬೇಕೆನಿಸಿದೆ.

ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಹುಟ್ಟಿದ್ದು 1882ರಲ್ಲಿ, ಅನುಕೂಲಸ್ಥ ವ್ಯಾಪಾರಿ ಮನೆತನದಲ್ಲಿ. ಉಡುಪಿ ಆಗ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಊರಿನ ರೈತರಿಗೂ ಸಣ್ಣ ವ್ಯಾಪಾರಿಗಳಿಗೂ ಕೈಸಾಲ ಬೇಕಾದರೆ ಲೇವಾದೇವಿದಾರರೇ ಗತಿ. ಉಳಿಸಿದ ನಾಲ್ಕು ಕಾಸನ್ನು ಭದ್ರವಾಗಿಡಲೂ ಹತ್ತಿರದಲ್ಲಿ ಜಾಗವಿರಲಿಲ್ಲ.

ಸಾಹೇಬರು ಕೊಡುಗೈ ದಾನಿ. ಆದರೆ ಕೈಯಿಂದ ಕೈಗೆ ಕೊಟ್ಟ ದಾನ ಅಂದಿನ ಹಸಿವನ್ನಷ್ಟೇ ನೀಗಿಸುತ್ತದೆ. ಊರಿನ ಹಣ ಊರಿನಲ್ಲೇ ಕೂಡಿ ಊರಿನವರ ಕೆಲಸಕ್ಕೇ ಸಿಗುವಂತಾದರೆ ಅದು ನಿಲ್ಲುತ್ತದೆ. ಸ್ವದೇಶಿ ಚಳವಳಿಯ ಗಾಳಿ ಬೀಸುತ್ತಿದ್ದ ಆ ದಿನಗಳಲ್ಲಿ ಅವರು ಊರಿನ ಕೆಲವರನ್ನು ಜೊತೆಗೂಡಿಸಿಕೊಂಡು 1906ರ ಮಾರ್ಚ್ 12ರಂದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಆರಂಭಿಸಿದರು. ಆಗ ಅವರಿಗೆ ಇಪ್ಪತ್ತನಾಲ್ಕರ ಆಸುಪಾಸು. ಮೂಲ ಬಂಡವಾಳ 5,000 ರೂಪಾಯಿ. ಜಾತಿ ಮತದ ಭೇದವಿಲ್ಲದೆ ಎಲ್ಲರಿಗೂ ಉಳಿತಾಯದ ರೂಢಿ ಹಿಡಿಸಬೇಕು, ಕೃಷಿಕರಿಗೂ ವ್ಯಾಪಾರಿಗಳಿಗೂ ವ್ಯವಹಾರ ಸುಲಭವಾಗಬೇಕು ಎಂಬುದೇ ಗುರಿಯಾಗಿತ್ತು.

ಮೊದಲ ದಿನ ಸೇರಿದ ಹಣ 38 ರೂಪಾಯಿ, 13 ಆಣೆ, 2 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಕಾಲ ಅದು. ಎರಡು ಪೈ ಎಂದರೆ ಒಂದು ರೂಪಾಯಿಯ ತೊಂಬತ್ತಾರನೆಯ ಒಂದು ಪಾಲು! ಅದನ್ನೂ ಬಿಡದೆ ಬರೆದಿದ್ದರು. ಇದನ್ನು ತಿಳಿದಾಗ ನನಗೆ ನನ್ನ ‘ಇತರೆ’ ಸಾಲು ನೆನಪಾಯಿತು.

ಬ್ಯಾಂಕು ಆತುರದಿಂದ ಬೆಳೆಯಲಿಲ್ಲ. ಮೊದಲ ಶಾಖೆ ಕುಂದಾಪುರದಲ್ಲಿ ತೆರೆದದ್ದು 1923ರಲ್ಲಿ, ಎರಡನೆಯದು ಮಂಗಳೂರಿನಲ್ಲಿ 1926ರಲ್ಲಿ. ಮುಂದೆ ಅದೇ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾಗಿ 1980ರಲ್ಲಿ ರಾಷ್ಟ್ರೀಕರಣಗೊಂಡಿತು; 2020ರಲ್ಲಿ ಯೂನಿಯನ್ ಬ್ಯಾಂಕಿನೊಂದಿಗೆ ವಿಲೀನವಾಯಿತು.

ಸರ್ಕಾರ ಸಾಹೇಬರಿಗೆ ಖಾನ್ ಬಹದ್ದೂರ್ ಬಿರುದು ನೀಡಿತ್ತು. ಊರಿನವರು ನೆನೆಯುವುದು ಅವರ ಬಿರುದನ್ನಲ್ಲ, ಕೊಟ್ಟ ಕೈಯನ್ನು. ಆಸ್ಪತ್ರೆಗಾಗಿ ಅವರು ತಮ್ಮ ಜಮೀನನ್ನೇ ದಾನ ಮಾಡಿದರು. ಉಡುಪಿಯ ತಾಯಿ-ಮಕ್ಕಳ ಆಸ್ಪತ್ರೆಗೆ ಇಂದಿಗೂ ಅವರ ಹೆಸರಿದೆ. ಕೃಷ್ಣಮಠದ ಲಕ್ಷದೀಪೋತ್ಸವಕ್ಕೆ ಎಣ್ಣೆ ಸಾಲದೆ ಹೋದಾಗ ಸಾಹೇಬರು ಎಣ್ಣೆ ಕಳುಹಿಸಿಕೊಟ್ಟರೆಂದು ಉಡುಪಿಯ ಹಿರಿಯರು ಈಗಲೂ ಹೇಳುತ್ತಾರೆ. 1935ರಲ್ಲಿ ಅವರು ತೀರಿಕೊಂಡರು.

ಉಡುಪಿಯಿಂದ ಬಂದ ಮೇಲೆ ನಾನು ಲೆಕ್ಕದ ಪುಸ್ತಕದಲ್ಲಿ ‘ಇತರೆ’ ಸಾಲನ್ನು ಹೊಡೆದುಹಾಕಿ, ಅಜ್ಜಿಯ ಹೆಸರು ಬರೆದು ಎದುರಿಗೆ 10 ರೂಪಾಯಿ ಎಂದು ನಮೂದಿಸಿದೆ. ವಾಚನಾಲಯ ತೆರೆದ ದಿನ ಜಮೆ-ಖರ್ಚನ್ನು ಊರಿನವರ ಮುಂದೆ ಓದಿದೆವು. ತಮ್ಮ ಹೆಸರು ಕೇಳಿದ ಕೂಡಲೇ ಅಜ್ಜಿ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತರು. ಅಂದಿನಿಂದ ಶಾಲೆ ಬಿಟ್ಟ ಮೇಲೆ ಮಕ್ಕಳು ಪುಸ್ತಕಗಳನ್ನು ಜಾಗದಲ್ಲಿ ಇಟ್ಟಿದ್ದಾರೋ ಇಲ್ಲವೋ ಎಂದು ನೋಡಿಹೋಗುವವರು ಅವರೇ.

ಗೆಳೆಯರೇ, ಈ ವರ್ಷವೂ ಘಟಕಕ್ಕೆ ಸಣ್ಣದೊಂದು ಮೊತ್ತ ಬಂದಿದೆ. ಕಡಿಮೆಯಾಯಿತೆಂದು ಗೊಣಗುವ ಮುನ್ನ ಆ ಎರಡು ಪೈಗಳನ್ನು ನೆನಪಿಸಿಕೊಳ್ಳೋಣ.