ಒಬ್ಬ ಡಾಕ್ಟರು ಸಾಲದು ಎಂದುಕೊಂಡ ಡಾಕ್ಟರು

ಯಲಹಂಕದಲ್ಲಿ ಮಣಿಪಾಲ ವಿಶ್ವವಿದ್ಯಾಲಯದ ಬೆಂಗಳೂರು ಕ್ಯಾಂಪಸ್ ಇದೆ. ಹೆಬ್ಬಾಳ, ಯಶವಂತಪುರಗಳಲ್ಲಿ ಮಣಿಪಾಲ ಆಸ್ಪತ್ರೆಗಳಿವೆ. ಕಾಲೇಜಿಗೆ ಬಸ್ಸಿನಲ್ಲಿ ಬರುವ ನಮ್ಮಲ್ಲಿ ಅನೇಕರು ಈ ಹೆಸರನ್ನು ದಿನವೂ ಓದುತ್ತೇವೆ. ನಮ್ಮಂಥ ಅಲ್ಪಸಂಖ್ಯಾತರ ಸಂಸ್ಥೆಗಳ ಹಕ್ಕಿನ ಮಾತು ಬಂದಾಗ ಇನ್ನೊಂದು ಹೆಸರೂ ಬರುತ್ತದೆ. 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟ ಟಿ.ಎಂ.ಎ. ಪೈ ಫೌಂಡೇಷನ್ ಪ್ರಕರಣ. ಈ ಎರಡೂ ಹೆಸರುಗಳ ಹಿಂದೆ ಇರುವವರು ಒಬ್ಬರೇ ಎಂದು ತಿಳಿದಾಗ ಅವರ ಬಗ್ಗೆ ಬರೆಯಬೇಕೆನಿಸಿತು.

ತೋನ್ಸೆ ಮಾಧವ ಅನಂತ ಪೈ ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ. ಮನೆಮಾತು ಕೊಂಕಣಿ. ಡಾಕ್ಟರಾಗಲು ಅವರು ದೂರದ ಮದ್ರಾಸಿಗೆ ಹೋಗಬೇಕಾಯಿತು. 1925ರ ಹೊತ್ತಿಗೆ ಓದು ಮುಗಿಸಿ ಉಡುಪಿಯಲ್ಲೇ ರೋಗಿಗಳನ್ನು ನೋಡತೊಡಗಿದರು.

ಅದೇ ವರ್ಷ ಅಣ್ಣ ಉಪೇಂದ್ರ ಪೈ ಮತ್ತು ವಿ.ಎಸ್. ಕುಡ್ವ ಅವರ ಜೊತೆ ಸೇರಿ, ಕೇವಲ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ತೆರೆದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗುವುದು ಅದರ ಉದ್ದೇಶಗಳಲ್ಲಿ ಒಂದು. 1928ರಲ್ಲಿ ಪಿಗ್ಮಿ ಠೇವಣಿ ಬಂತು. ಏಜೆಂಟರು ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಸಂಗ್ರಹಿಸುತ್ತಿದ್ದರು. ಕೈಯಲ್ಲಿ ದೊಡ್ಡ ಹಣವಿಲ್ಲದಿದ್ದರೂ ದೊಡ್ಡ ಕೆಲಸ ಮಾಡಬಹುದು ಎಂಬುದನ್ನು ಪೈಯವರು ಕಲಿತದ್ದು ಇಲ್ಲೇ ಇರಬೇಕು ಎಂದು ನನಗನಿಸುತ್ತದೆ.

ಆಗ ದೇಶದ ಸ್ಥಿತಿ ಹೇಗಿತ್ತು? ಸುಮಾರು 6,300 ಜನರಿಗೆ ಒಬ್ಬ ಡಾಕ್ಟರು, 43,000 ಜನರಿಗೆ ಒಬ್ಬ ನರ್ಸ್ ಎಂದು 1946ರ ಭೋರ್ ಸಮಿತಿ ವರದಿ ಲೆಕ್ಕ ಕೊಟ್ಟಿತು. ಇದ್ದ ಡಾಕ್ಟರುಗಳೂ ಹೆಚ್ಚಾಗಿ ಪಟ್ಟಣಗಳಲ್ಲೇ ಇದ್ದರು. ಒಬ್ಬ ಡಾಕ್ಟರು ಬೆಳಗಿನಿಂದ ರಾತ್ರಿವರೆಗೆ ದುಡಿದರೂ ಎಷ್ಟು ಜನರನ್ನು ನೋಡಬಲ್ಲರು? ಡಾಕ್ಟರುಗಳನ್ನು ತಯಾರು ಮಾಡುವ ಜಾಗವೇ ಬೇಕಿತ್ತು.

1942ರಲ್ಲಿ ಪೈಯವರು ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸ್ಥಾಪಿಸಿದರು. ಅದರ ಮೂಲಕ 1953ರಲ್ಲಿ ಮಣಿಪಾಲದ ಬೋಳು ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯಿತು. ಈಗಿನ ಬೆಂಗಳೂರು ಮೆಡಿಕಲ್ ಕಾಲೇಜು ಶುರುವಾದದ್ದೇ ಅದಾದ ಮೇಲೆ, 1955ರಲ್ಲಿ!

ಮೆಡಿಕಲ್ ಕಾಲೇಜಿಗೆ ಆಸ್ಪತ್ರೆ ಬೇಕೇ ಬೇಕು. ಮಣಿಪಾಲದಲ್ಲಿ ಅಷ್ಟು ದೊಡ್ಡ ಆಸ್ಪತ್ರೆ ಇರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ದಾರಿ ಹೀಗಿತ್ತು: ಮೊದಲ ವರ್ಷಗಳ ಪಾಠ ಮಣಿಪಾಲದಲ್ಲಿ, ರೋಗಿಗಳ ಬಳಿ ಕಲಿಯುವುದು ಸುಮಾರು 60 ಕಿಲೋಮೀಟರ್ ದೂರದ ಮಂಗಳೂರಿನ ಸರ್ಕಾರಿ ಆಸ್ಪತ್ರೆಗಳಾದ ವೆನ್ಲಾಕ್ ಮತ್ತು ಹೆಂಗಸರ ಲೇಡಿ ಗೋಷನ್‌ನಲ್ಲಿ. ಇದರಿಂದ ಕಾಲೇಜಿಗೆ ಆಸ್ಪತ್ರೆ ಸಿಕ್ಕಿತು, ಸರ್ಕಾರಿ ಆಸ್ಪತ್ರೆಗೆ ಬರುವ ಬಡವರಿಗೆ ಕಾಲೇಜಿನ ತಜ್ಞರು ಸಿಕ್ಕರು. ಮಣಿಪಾಲದಲ್ಲಿ 1963ರಲ್ಲಿ ಫಾರ್ಮಸಿ, 1965ರಲ್ಲಿ ದಂತ ವೈದ್ಯಕೀಯ ಕಾಲೇಜು ಶುರುವಾದವು. ಸರ್ಕಾರ 1972ರಲ್ಲಿ ಪೈಯವರಿಗೆ ಪದ್ಮಶ್ರೀ ನೀಡಿತು. 1979ರ ಮೇ 29ರಂದು ಅವರು ತೀರಿಕೊಂಡರು.

ಇಷ್ಟು ಓದಿದ ಮೇಲೂ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಕಾಲೇಜು ನಡೆದದ್ದು ವಿದ್ಯಾರ್ಥಿಗಳ ಮನೆಯವರು ಕೊಟ್ಟ ಹಣದಿಂದ. ಅವರ ದಾರಿ ಹಿಡಿದು ಮುಂದೆ ದೇಶದ ತುಂಬ ಖಾಸಗಿ ಮೆಡಿಕಲ್ ಕಾಲೇಜುಗಳು ಬಂದವು. ಡಾಕ್ಟರುಗಳ ಸಂಖ್ಯೆ ಹೆಚ್ಚಿತು, ನಿಜ. ಫೀಸೂ ಏರಿತು. ಸಾಲ ಮಾಡಿ ಓದಿದವರು ಬಡವರ ಬೀದಿಯಲ್ಲಿ ಕ್ಲಿನಿಕ್ ತೆರೆಯುತ್ತಾರೆಯೇ? ಕಾಲೇಜು ಕಟ್ಟುವುದು ಅರ್ಧ ಕೆಲಸ. ಡಾಕ್ಟರಿಲ್ಲದ ಕಡೆಗೆ ಡಾಕ್ಟರು ಹೋಗುವಂತೆ ಮಾಡುವುದು ಉಳಿದರ್ಧ. ಅದು ಇನ್ನೂ ಬಾಕಿ ಇದೆ.

ಆ ಬಾಕಿ ನಮ್ಮ ಮೇಲೂ ಇದೆ. ನಮ್ಮ ಕ್ಲಾಸಿನಲ್ಲಿ ಬಯಾಲಜಿ ತೆಗೆದುಕೊಂಡವರೆಲ್ಲ ನೀಟ್ ಬಗ್ಗೆಯೇ ಮಾತಾಡುತ್ತೇವೆ. ಎಂಬಿಬಿಎಸ್ ಸೀಟು ಸಿಗದಿದ್ದರೆ ಎಲ್ಲ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಆಸ್ಪತ್ರೆ ನಡೆಯುವುದು ಡಾಕ್ಟರಿಂದ ಮಾತ್ರವಲ್ಲ. ನರ್ಸ್, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನಿಷಿಯನ್, ಫಿಸಿಯೋಥೆರಪಿಸ್ಟ್ ಎಲ್ಲರೂ ಬೇಕು. ಲೇಡಿ ಡಾಕ್ಟರ್ ಇಲ್ಲವೆಂದು ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುವ ಅಮ್ಮಂದಿರು, ನಾನಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರ ಉರ್ದು ಅಥವಾ ಕನ್ನಡದಲ್ಲೇ ಮಾತಾಡಿಸಿ, ಬಿಪಿ ನೋಡಿ, ಔಷಧಿ ತೆಗೆದುಕೊಳ್ಳುವುದು ಹೇಗೆಂದು ತಿಳಿಸುವ ಒಬ್ಬ ಹುಡುಗಿ ಸಿಕ್ಕರೂ ಅವರಿಗೆ ಎಷ್ಟೋ ಧೈರ್ಯ ಬರುತ್ತದೆ.

ಪೈಯವರು ಓದು ಮುಗಿಸಿ ತಮ್ಮ ಊರಿಗೇ ಮರಳಿದರು. ಗೆಳೆಯ ಗೆಳತಿಯರೇ, ಕೋರ್ಸು ಆರಿಸುವಾಗ ನಮ್ಮ ಬೀದಿಗೆ ಯಾರ ಅಗತ್ಯವಿದೆ ಎಂಬುದನ್ನೂ ಒಮ್ಮೆ ಯೋಚಿಸೋಣ.